ಕ್ರೂಸು ಬರ್ತಿಲ್ಲ ಕಣೋ!

ನಮ್ಮ ಸೋದರತ್ತೆಗೆ ಹೆದರದ ವಸ್ತು ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದೇ ಒಂದು ಇದೆ. ಅದು ಅವರದೇ ಕಾರಿನ ಸ್ಟಿಯರಿಂಗಿನ ಮೇಲಿರುವ ಒಂದು ಪುಟ್ಟ ಬಟನ್ನು!

ಉತ್ಪ್ರೇಕ್ಷೆ ಅನ್ನಿಸಿತೇ? ಹಾಗಾದರೆ ನೀವು ಶಿಡ್ಲಘಟ್ಟದಲ್ಲಿ ಓದಿದವರಲ್ಲ. ಅತ್ತೆ ಅಲ್ಲಿನ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಕಲಿಸಿ, ಹೆಡ್‌ಮಿಸ್ ಆಗಿ ನಿವೃತ್ತರಾದವರು. ಊರಿನ ರೇಷ್ಮೆಗೂಡಿನ ವ್ಯಾಪಾರಿಗಳು, ಔಷಧಿ ಅಂಗಡಿಯವರು, ಆಟೋದವರು, ಪುರಸಭೆಗೆ ಆರಿಸಿಬಂದವರು ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಅವರ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತವರೇ. ಇವತ್ತಿಗೂ ಅತ್ತೆ ಗೂಡಿನ ಮಾರುಕಟ್ಟೆಯ ಮುಂದೆ ನಡೆದು ಹೋದರೆ, ಮೊಮ್ಮಕ್ಕಳನ್ನು ಕಂಡ ಗಂಡಸರು ಕೂಡ ಕೈಯಲ್ಲಿರುವ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಅವರ ಮನೆಯ ಕುಕ್ಕರು ಮೂರು ಸಲ ಕೂಗಿದ ಮೇಲೆ, ನಾಲ್ಕನೆಯ ಸಲ ಕೂಗುವ ಮುಂಚೆ ಅತ್ತೆಯ ಮುಖವನ್ನೊಮ್ಮೆ ನೋಡುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ನಮ್ಮಪ್ಪ ಅವರ ಒಡಹುಟ್ಟಿದ ಅಣ್ಣ. ಅವರೂ ಹೆದರುತ್ತಿದ್ದರು!

ಹೆದರಿಕೆ ಎಂದರೆ ನೆನಪಾಗುವವರು ನಮ್ಮ ಮಾವ, ಅಂದರೆ ಅತ್ತೆಯ ಯಜಮಾನರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಸಾಧು ಮನುಷ್ಯ. ಮಾತು ಬಹಳ ಕಡಿಮೆ. ಅತ್ತೆ ಇಬ್ಬರ ಪಾಲಿನದನ್ನೂ ಮಾತಾಡಿ ಮುಗಿಸುವುದರಿಂದ ಅವರಿಗೆ ಉಳಿಯುವುದೂ ಕಡಿಮೆ. ಏನು ಕೇಳಿದರೂ "ನೋಡಣ" ಎನ್ನುತ್ತಾರೆ. ತಿಂಡಿಗೆ ಉಪ್ಪಿಟ್ಟಾ ಅಂದರೆ ನೋಡಣ, ಬಿಸಿಲು ಜಾಸ್ತಿಯಾ ಅಂದರೆ ನೋಡಣ. ಮದುವೆಗೆ ಮುಂಚೆ ಹುಡುಗಿ ಒಪ್ಪಿಗೆಯಾ ಎಂದು ಕೇಳಿದಾಗಲೂ ಹಾಗೇ ಅಂದಿದ್ದರಂತೆ. ಅತ್ತೆ ಅದನ್ನು ಒಪ್ಪಿಗೆ ಎಂದು ತೀರ್ಮಾನಿಸಿದರು!

ನಿವೃತ್ತಿಯಾದ ಮೇಲೆ ಎಲ್ಲರೂ ಕಾಶಿಗೆ ಹೋಗುತ್ತಾರೆ, ಅತ್ತೆ ಡ್ರೈವಿಂಗ್ ಸ್ಕೂಲಿಗೆ ಹೋದರು. ಕಲಿಸಲು ಬಂದವನು ಅವರ ಹಳೆಯ ಶಿಷ್ಯನೇ. ಪಾಪ, ಅವನ ಗ್ರಹಚಾರ.

"ಮೇಡಂ, ಈಗ ನಿಧಾನಕ್ಕೆ ಕ್ಲಚ್ ಬಿಡಿ."

"ಯಾಕ್ ಬಿಡ್ಬೇಕು?"

"ಬಿಟ್ರೆ ಗಾಡಿ ಮುಂದಕ್ಕೆ ಹೋಗುತ್ತೆ ಮೇಡಂ."

"ಅದು ಪರಿಣಾಮ ಆಯ್ತಪ್ಪ. ನಾನು ಕೇಳಿದ್ದು ಕಾರಣ."

ಆತ ಆ ದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಕ್ಲಚ್ ಹೇಗೆ ಕೆಲಸ ಮಾಡುತ್ತದೆ ಎಂದು ಓದಿಕೊಂಡು ಬರಲು ಮನೆಗೆ ಹೋದನಂತೆ. ಕೊನೆಗೆ ಅತ್ತೆಗೆ ಲೈಸೆನ್ಸು ಬಂತು. ಪಾಸಾದವರು ಯಾರು, ಅತ್ತೆಯೋ ಅವನೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಆಮೇಲೆ ಕಾರು ಬಂತು. ಗೇರು ಹಾಕುವ ಗೋಜಿಲ್ಲದ ಆಟೋಮ್ಯಾಟಿಕ್ ಕಾರು. ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಅದಕ್ಕೆ ಅತ್ತೆ ಮೊದಲ ದಿನವೇ ಒಂದು ಕಾನೂನು ಮಾಡಿದರು. ಆ ಕಾರಿನ ಡ್ರೈವರ್ ಸೀಟಿನಲ್ಲಿ ಅವರನ್ನು ಬಿಟ್ಟು ಇನ್ನಾರೂ ಕೂರುವಂತಿಲ್ಲ.

"ಒಬ್ರು ಪೆನ್ನಲ್ಲಿ ಇನ್ನೊಬ್ರು ಬರೆದ್ರೆ ನಿಬ್ ಹಾಳಾಗುತ್ತೆ ಕಣೋ. ಕಾರೂ ಹಂಗೇ."

ಇನ್ನೊಂದು ಕಾನೂನು: ಕಾರಿನಲ್ಲಿ ಇರುವ ಯಾವ ಬಟನ್ನೂ ಸುಮ್ಮನೆ ಕೂರುವಂತಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯ ಆಚೆ ನೋಡುವ ಹುಡುಗರನ್ನು ಎಬ್ಬಿಸಿ ಪ್ರಶ್ನೆ ಕೇಳಿ ಅಭ್ಯಾಸವಾದವರು ನೋಡಿ! ಪ್ರತಿ ಸೋಮವಾರ ಬೆಳಿಗ್ಗೆ ಮನೆಯ ಮುಂದೆ ಕಾರಿನ ಹಾಜರಿ ನಡೆಯುತ್ತಿತ್ತು. ಹಾರ್ನು ಕೂಗಬೇಕು. ವೈಪರು ಎಡಕ್ಕೂ ಬಲಕ್ಕೂ ಆಡಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಿಂದಿನ ಗಾಜಿನ ಮಂಜು ಕರಗಿಸುವ ಬಟನ್ನೂ ತನ್ನ ದೀಪ ಹೊತ್ತಿಸಿ "ಬಂದಿದ್ದೀನಿ ಮಿಸ್" ಎನ್ನಬೇಕು. ಎದುರು ಮನೆಯವರು ಮೊದಮೊದಲು ಕಾರು ಕೆಟ್ಟಿದೆ ಎಂದು ತಿಳಿದು ಸಹಾಯಕ್ಕೆ ಬರುತ್ತಿದ್ದರು. ಬಂದವರನ್ನೆಲ್ಲ ಹಿಂದೆ ನಿಲ್ಲಿಸಿ "ಬಲಗಡೆ ಇಂಡಿಕೇಟರ್ ಹತ್ತಿತಾ?" ಎಂದು ಕೂಗಿ ಕೇಳತೊಡಗಿದ ಮೇಲೆ ಬರುವುದನ್ನು ಬಿಟ್ಟರು.

ಈ ಎಲ್ಲ ಬಟನ್ನುಗಳಲ್ಲಿ ಅತ್ತೆಗೆ ಅಚ್ಚುಮೆಚ್ಚಿನ ವಿದ್ಯಾರ್ಥಿ ಎಂದರೆ ಕ್ರೂಸ್ ಕಂಟ್ರೋಲು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಹೆದ್ದಾರಿಯಲ್ಲಿ ಒಂದು ವೇಗಕ್ಕೆ ಬಂದ ಮೇಲೆ ಈ ಬಟನ್ ಒತ್ತಿದರೆ ಮೀಟರಿನ ಪಕ್ಕದಲ್ಲಿ ಒಂದು ಹಸಿರು ದೀಪ ಹತ್ತುತ್ತದೆ. ಆಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಅತ್ತೆ ಇದನ್ನು ಐವತ್ತೈದಕ್ಕೆ ಇಟ್ಟು, ಬೆಂಗಳೂರಿನವರೆಗೆ ಏರದೆ ಇಳಿಯದೆ ಹೋಗಿ ಬರುತ್ತಿದ್ದರು. ಲಾರಿಗಳು ಬೈದುಕೊಂಡು ದಾಟಿ ಹೋಗುತ್ತಿದ್ದವು. ಅತ್ತೆಗೆ ಲಕ್ಷ್ಯವಿಲ್ಲ.

"ಹೇಳಿದ ಮಾತು ಕೇಳೋದು ಅಂದ್ರೆ ಇದು. ನಿಮ್ಮಂಥೋರೂ ಇದ್ದೀರ!" ಎಂದು ನಮ್ಮ ಕಡೆ ನೋಡುತ್ತಿದ್ದರು.

ಹೀಗಿರುವಾಗ ಹೋದ ವರ್ಷ ಮಾವನಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಆಯಿತು. ಎಲ್ಲ ಚೆನ್ನಾಗಿಯೇ ಆಯಿತು. ವಾರ್ಡಿನಲ್ಲಿ ಅತ್ತೆ ನರ್ಸುಗಳಿಗೆ ರಕ್ತಪರಿಚಲನೆಯ ಪಾಠ ಮಾಡಿದ್ದನ್ನು ಬಿಟ್ಟರೆ ಬೇರೆ ತೊಂದರೆ ಏನೂ ಆಗಲಿಲ್ಲ. ಕಾರು ಮಾತ್ರ ಆ ದಿನಗಳಲ್ಲಿ ಮನೆಯ ಮುಂದೆ ಧೂಳು ಹೊದ್ದು ನಿಂತಿತ್ತು. ಮಾವ ಚೇತರಿಸಿಕೊಂಡು, ಅತ್ತೆ ಮತ್ತೆ ಕಾರು ತೆಗೆದ ಮೇಲೆ ಒಂದು ಬೆಳಿಗ್ಗೆ ನನಗೆ ಫೋನು ಬಂತು. ನಾನು ಚಿಕ್ಕಬಳ್ಳಾಪುರದಲ್ಲಿ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಹಲ್ಲುಜ್ಜುತ್ತಿದ್ದೆ.

"ಕ್ರೂಸು ಬರ್ತಿಲ್ಲ ಕಣೋ!"

"ಯಾರ ಕೂಸು ಅತ್ತೆ? ಎಲ್ಲಿಂದ ಬರ್ಬೇಕಿತ್ತು?"

"ಕೂಸಲ್ವೋ, ಕ್ರೂಸು! ಕನ್ನಡ ಮೇಷ್ಟ್ರಾಗಿ ಒತ್ತಕ್ಷರ ಕೇಳಿಸಲ್ವಾ ನಿಂಗೆ? ಬಟನ್ ಒತ್ತಿದ್ರೆ ಹಸಿರು ದೀಪಾನೇ ಹತ್ತಲ್ಲ. ಇವತ್ತೇ ಹೊರಟು ಬಾ."

ಕಾರಿನ ಬಗ್ಗೆ ನನಗೆ ಏನು ಗೊತ್ತು ಎಂದು ನೀವು ಕೇಳಬಹುದು. ಅತ್ತೆ ಕೇಳಲಿಲ್ಲ. ಅವರಿಗೆ ಬೇಕಾಗಿದ್ದು ತಿಳಿದವರಲ್ಲ, ಕೇಳಿಸಿಕೊಳ್ಳುವವರು.

ಹೋದೆ. ಕಾರಿನ ಜೊತೆ ಬಂದ ದಪ್ಪ ಕೈಪಿಡಿಯನ್ನು ತೆರೆದು ಅತ್ತೆ ಸಿದ್ಧವಾಗಿ ಕೂತಿದ್ದರು. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಮಧ್ಯೆ ನಮ್ಮಿಬ್ಬರಿಗೆ ಪ್ರಶ್ನೆ ಹಾಕಿ ಪಾಠ ಶುರುವಾಯಿತು. ಮಾವ ಎದೆಯ ಮೇಲೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು.

"ಕ್ರೂಸ್ ಆನ್ ಆಗದೇ ಇರೋದಕ್ಕೆ ಕಾರಣಗಳು. ವೇಗ ನಲವತ್ತಕ್ಕಿಂತ ಕಡಿಮೆ ಇರಬಹುದು. ಇಲ್ಲ, ನಂದು ಐವತ್ತೈದು. ಫ್ಯೂಸ್ ಹೋಗಿರಬಹುದು. ನೋಡಿಸ್ಬೇಕು. ಬ್ರೇಕ್ ಪೆಡಲ್ ಒತ್ತಿರಬಹುದು..." ಅತ್ತೆ ಕನ್ನಡಕ ಕೆಳಗಿಳಿಸಿ ನಮ್ಮನ್ನು ನೋಡಿದರು. "ಬ್ರೇಕ್ ಒತ್ಕೊಂಡು ಗಾಡಿ ಓಡಿಸೋ ದಡ್ಡನೂ ಇರ್ತಾನಾ ಪ್ರಪಂಚದಲ್ಲಿ? ಪುಟ ತುಂಬ್ಸೋಕೆ ಏನೇನೋ ಬರೀತಾರೆ!"

ಹಾಳೆ ಮಗುಚಿದರು. ಮಾವ ಕೆಮ್ಮಿದರು.

ಕೊನೆಯ ಪುಟಗಳಲ್ಲಿ ಎಲ್ಲೋ, ಬಹಳ ದಿನ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿಗಳು ಕಡಿಯಬಹುದು ಎಂದು ಬರೆದಿತ್ತು. ಅತ್ತೆಯ ಕಣ್ಣು ಹೊಳೆಯಿತು.

"ಇಲಿ!"

"ಹೌದು, ಇಲಿನೇ ಇರ್ಬೇಕು" ಎಂದರು ಮಾವ.

ನಾನು ಬೆಚ್ಚಿಬಿದ್ದೆ. ಮಾವನ ಬಾಯಲ್ಲಿ "ನೋಡಣ" ಬಿಟ್ಟು ಇಷ್ಟು ಖಚಿತವಾದ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಪರೇಷನ್ ಆದ ಮೇಲೆ ಮನುಷ್ಯರು ಬದಲಾಗುತ್ತಾರೆ ಅನ್ನುತ್ತಾರಲ್ಲ, ಇರಬಹುದು ಅಂದುಕೊಂಡೆ.

ಇಲಿ ಎಂದ ಮೇಲೆ ಬೋನು ಬೇಕು, ಬೋನಿಗೆ ವಡೆ ಬೇಕು. ಅತ್ತೆ ತಾವೇ ಮಸಾಲೆ ವಡೆ ಕರಿದು, ಒಂದನ್ನು ಬೋನಿಗೆ ಸಿಕ್ಕಿಸಿ, ಇನ್ನೊಂದನ್ನು ಆಸೆ ಹುಟ್ಟಿಸಲೆಂದು ಪಕ್ಕದಲ್ಲೇ ಇಟ್ಟು ಬಾನೆಟ್ ಮುಚ್ಚಿದರು. ದಿನಗಳು ಕಳೆದವು. ಒಂದು ಇಲಿಯೂ ಬೀಳಲಿಲ್ಲ. ಶಿಡ್ಲಘಟ್ಟದ ಇಲಿಗಳೂ ಅವರ ಹೈಸ್ಕೂಲಿನ ಸುತ್ತಮುತ್ತ ಬೆಳೆದವೇ ಇರಬೇಕು, ಯಾರ ವಡೆ ಎಂದು ತಿಳಿಯದೇ? ಅತ್ತೆ ಬೇಸರದಿಂದ ಬೋನು ತೆಗೆದು ಒಳಗಿಟ್ಟು, ಕಾರನ್ನು ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಹತ್ತಿರ ತಂದರು. ಅವನು ಬಾನೆಟ್ ಎತ್ತಿದ. ಮೂಗು ಅರಳಿಸಿದ. ಬಹಳ ಹೊತ್ತು ಒಳಗೆ ನೋಡಿ, ತಿರುಗಿ ಗೌರವದಿಂದ ಹೇಳಿದ:

"ಮೇಡಂ, ಇಂಜಿನ್ ಮೇಲೆ ವಡೆ ಇದೆ."

"ಇರ್ಲಿ, ಅದಕ್ಕೂ ಕ್ರೂಸಿಗೂ ಸಂಬಂಧ ಇಲ್ಲ. ನೀನು ಮುಂದಿನ ಕೆಲಸ ನೋಡು" ಎಂದರು ಅತ್ತೆ.

ಅವನು ಫ್ಯೂಸುಗಳನ್ನೆಲ್ಲ ಕಿತ್ತು ನೋಡಿ ಹಾಕಿದ. ಕಂಪ್ಯೂಟರಿನ ವೈರು ಸಿಕ್ಕಿಸಿ ನೋಡಿದ. ಎಲ್ಲ ಸರಿಯಾಗಿದೆ ಎಂದು ಕಂಪ್ಯೂಟರು ಹೇಳಿತು.

"ಒಂದ್ಸಲ ನಾನೇ ಓಡಿಸಿ ನೋಡ್ತೀನಿ ಮೇಡಂ, ಕೀ ಕೊಡಿ."

"ನೀನು ಎಲ್ಲಿ ಓದಿದ್ದು?"

"ಶಿಡ್ಲಘಟ್ಟದಲ್ಲೇ ಮೇಡಂ. ನಿಮ್ ಸ್ಟೂಡೆಂಟೇ."

"ಸೈನ್ಸಲ್ಲಿ ಎಷ್ಟು ಬಂದಿತ್ತು?"

ಅವನು ನೆಲ ನೋಡಿದ. ಕೀ ಅತ್ತೆಯ ಹತ್ತಿರವೇ ಉಳಿಯಿತು. ಅತ್ತೆ ಓಡಿಸಿದರು, ಅವನು ಪಕ್ಕದಲ್ಲಿ ಕೈ ಕಟ್ಟಿ ಕೂತ, ನಾನೂ ಮಾವನೂ ಹಿಂದೆ. ಊರಾಚೆಯವರೆಗೆ ಹೋಗಿ ಬಂದೆವು. ಹಸಿರು ದೀಪ ಹತ್ತಲೇ ಇಲ್ಲ. ವಾಪಸು ಬಂದ ಮೇಲೆ ಅವನು ಚಕ್ರಗಳ ಹತ್ತಿರ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಬ್ರೇಕ್ ಪ್ಯಾಡ್ ಪೂರ್ತಿ ಸವೆದೋಗಿದೆ ಮೇಡಂ. ಇಷ್ಟು ಬೇಗ ಸವೆಯಲ್ಲ. ಪೆಡಲ್ ಕಡೆ ಒಂದ್ಸಲ..." ಎಂದು ಡ್ರೈವರ್ ಬಾಗಿಲಿನ ಕಡೆ ಹೊರಟ.

ಸರಿಯಾಗಿ ಅದೇ ಹೊತ್ತಿಗೆ ಮಾವನಿಗೆ ಕಾಫಿ ನೆನಪಾಯಿತು. "ಯಾಕೋ ತಲೆ ಸುತ್ತಿದಂಗಾಗ್ತಿದೆ. ಒಂದು ಲೋಟ ಕಾಫಿ ಕುಡಿಯಣ್ವಾ?"

ಹೃದಯದ ಆಪರೇಷನ್ ಆದವರು ತಲೆ ಸುತ್ತುತ್ತಿದೆ ಎಂದರೆ ಕೇಳಬೇಕೇ! ಅತ್ತೆ ಅವರ ಒಂದು ತೋಳು ಹಿಡಿದರು, ನಾನು ಇನ್ನೊಂದು ಹಿಡಿದೆ, ಮೆಕ್ಯಾನಿಕ್ ಛತ್ರಿ ಹಿಡಿದ. ಹೋಟೆಲಿನಲ್ಲಿ ಮಾವ ಕಾಫಿಯ ಜೊತೆ ಒಂದು ಖಾಲಿ ದೋಸೆಯನ್ನೂ ತಿಂದು ಸುಧಾರಿಸಿಕೊಂಡರು. ಪೆಡಲಿನ ವಿಷಯ ಎಲ್ಲರಿಗೂ ಮರೆತುಹೋಯಿತು. ಸವೆದ ಪ್ಯಾಡುಗಳಿಗೆ ಬದಲು ಹೊಸವು ಬಂದವು, ಕ್ರೂಸು ಬರಲಿಲ್ಲ.

ಶಿಡ್ಲಘಟ್ಟದ ರಸ್ತೆ ಚಿಕ್ಕದಾಯಿತು, ಕಾರಿಗೆ ದೊಡ್ಡ ರಸ್ತೆ ಬೇಕೇನೋ ಎಂದು ಅತ್ತೆಗೆ ಅನುಮಾನ ಬಂತು. ಒಂದು ಭಾನುವಾರ ಹೈದರಾಬಾದ್ ಹೆದ್ದಾರಿಯಲ್ಲಿ ಪ್ರಯೋಗ. ನಾನು ಹಿಂದಿನ ಸೀಟಿನಲ್ಲಿ. ಐವತ್ತೈದಕ್ಕೆ ಬಂದು ಅತ್ತೆ ಬಟನ್ ಒತ್ತಿದರು. ಒತ್ತಿದರು. ಮತ್ತೆ ಒತ್ತಿದರು. ಬೈದು ಒತ್ತಿದರು, "ಬಾರೋ ರಾಜಾ" ಎಂದು ರಮಿಸಿ ಒತ್ತಿದರು. ಉಹುಂ! ಈ ನಡುವೆ ಹಿಂದಿನಿಂದ ಬರುವ ಗಾಡಿಗಳೆಲ್ಲ ಹಾರ್ನು ಹೊಡೆಯುವವೇ. ಕೆಲವರು ಪಕ್ಕಕ್ಕೆ ಬಂದು ಕೈ ಬೀಸಿ, ಕಾರಿನ ಹಿಂಭಾಗ ತೋರಿಸಿ ಏನೋ ಕೂಗುತ್ತಾರೆ. ಅತ್ತೆ ಗಾಜು ಇಳಿಸಿ, ನಗುತ್ತಾ ಅವರಿಗೆಲ್ಲ ಕೈ ಆಡಿಸುತ್ತಿದ್ದರು.

"ಯಾರತ್ತೆ ಅವ್ರು?"

"ಹಳೇ ಶಿಷ್ಯರು ಇರ್ಬೇಕು ಕಣೋ. ಎಷ್ಟು ಜನ ಗುರುತು ಹಿಡೀತಾರೆ ನೋಡು! ಮೊದ್ಲೆಲ್ಲ ಇಷ್ಟು ಜನ ಮಾತಾಡಿಸ್ತಿರ್ಲಿಲ್ಲ. ಈಗ ರಸ್ತೆಗೆ ಬಂದ್ರೆ ಸಾಕು."

ತೆಲಂಗಾಣದ ನಂಬರಿನ ಒಂದು ಲಾರಿಯವನೂ ಹಾರ್ನು ಹೊಡೆದು ಹಿಂದಕ್ಕೆ ಕೈ ತೋರಿಸಿ ಹೋದ. ಅವನಿಗೂ ಅತ್ತೆ ಆಶೀರ್ವಾದ ಮಾಡಿದರು.

ಆಮೇಲೆ ಗೌರಿಬಿದನೂರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಎಂಥ ಕಾರಾದರೂ ಸದ್ದು ಕೇಳಿಯೇ ಹೇಳುತ್ತಾನೆ ಎಂದು ಯಾರೋ ಕಿವಿಗೆ ಹಾಕಿದರು. ಸರಿ, ಹೊರಟೆವು. ತೊಂಡೇಬಾವಿಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ರೈಲು ಬರುವ ತನಕ ಸುಮ್ಮನೆ ಯಾಕೆ ಕೂರುವುದೆಂದು ಅತ್ತೆ, ನಿಂತ ಕಾರಿನಲ್ಲೇ, ಬಟನ್ ಒತ್ತುವ ಅಭ್ಯಾಸ ಮಾಡುತ್ತಿದ್ದರು. ಗೌರಿಬಿದನೂರಿನವನು ಅರ್ಧ ಕನ್ನಡ ಅರ್ಧ ತೆಲುಗಿನ ಮನುಷ್ಯ. ಕಿವಿ ಕೊಟ್ಟು ಇಂಜಿನ್ನಿನ ಸದ್ದು ಕೇಳಿದ. ಅವನಿಗೂ ಕೀ ಸಿಗಲಿಲ್ಲ ಎಂದು ಬೇರೆ ಹೇಳಬೇಕೇ?

"ಕಾರುಕಿ ಏಮೀ ಲೇದಮ್ಮಾ. ಫಸ್ಟ್ ಕ್ಲಾಸಾಗಿದೆ."

"ಕಾರಿಗೇನೂ ಇಲ್ಲಾಂದ್ರೆ? ಇರೋದು ನಂಗಾ?"

ಅತ್ತೆಯ ದನಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ. "ಹಂಗಲ್ಲಮ್ಮಾ... ದೃಷ್ಟಿ ಆಗಿರ್ಬೇಕು. ಒಂದು ಪೂಜೆ ಮಾಡ್ಸಿ" ಎಂದು ಪಾರಾದ.

ವಿಜ್ಞಾನದ ಟೀಚರು ದೃಷ್ಟಿಯನ್ನು ನಂಬುತ್ತಾರೆಯೇ? ಖಂಡಿತ ನಂಬುವುದಿಲ್ಲ. "ಆದ್ರೆ ಪ್ರಯೋಗ ಮಾಡ್ದೆ ತಳ್ಳಿಹಾಕೋದು ವೈಜ್ಞಾನಿಕ ಅಲ್ಲ" ಎಂದು ಹೇಳಿ ನೇರವಾಗಿ ನಂದಿಗೆ ಬಂದು, ದೇವಸ್ಥಾನದ ಮುಂದೆ ಕಾರು ನಿಲ್ಲಿಸಿದರು. ಹಣ್ಣುಕಾಯಿ ಹಿಡಿದು ಒಳಗೆ ಹೋದೆವು. ಅರ್ಚಕರಿಗೆ ಸ್ವಲ್ಪ ಕಿವಿ ಮಂದ.

"ಏನು ಸಂಕಲ್ಪಮ್ಮಾ?"

"ಕ್ರೂಸು ಬರ್ಲಿ ಅಂತ."

ಅರ್ಚಕರ ಮುಖ ಅರಳಿತು. "ಒಳ್ಳೇದು, ಒಳ್ಳೇದು. ಎಷ್ಟು ತಿಂಗಳಾಯ್ತು?"

"ಎಂಟು ತಿಂಗಳಾಯ್ತು, ಇನ್ನೂ ಬಂದಿಲ್ಲ."

"ಇನ್ನೇನಮ್ಮಾ, ಹತ್ತಿರ ಬಂತು. ಅವಸರ ಬೇಡ. ಟೈಮಿಗೆ ಸರಿಯಾಗಿ ಬರುತ್ತೆ" ಎಂದು ಅತ್ತೆಯ ನರೆತ ತಲೆಯನ್ನೂ, ಮಾವನ ಬೊಚ್ಚುಬಾಯನ್ನೂ ನೋಡಿ, ದೇವರ ಲೀಲೆ ಎಂಬಂತೆ ಕಣ್ಣು ಮುಚ್ಚಿ ಮಂಗಳಾರತಿ ಎತ್ತಿದರು. ನಾನು ಕಂಬದ ಹಿಂದೆ ಹೋಗಿ ನಕ್ಕೆ. ಮಾವ ನನಗಿಂತ ಮುಂಚೆಯೇ ಅಲ್ಲಿ ಬಂದು ನಿಂತಿದ್ದರು, ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಾ.

ದೇವರು ಕೂಸು ಕೊಟ್ಟರೂ ಕೊಡುತ್ತಿದ್ದನೇನೋ, ಕ್ರೂಸು ಮಾತ್ರ ಕೊಡಲಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಚಿಂತಾಮಣಿಯ ದಾರಿಯಲ್ಲಿ. ಅಲ್ಲಿ ನಮ್ಮ ನೆಂಟರೊಬ್ಬರ ಮನೆಯ ಗೃಹಪ್ರವೇಶ. ಬಾಗಿಲಿಗೆ ಕಟ್ಟುವ ಬಾಳೆಕಂದು, ಹೂವು, ಮಾವಿನ ಸೊಪ್ಪು ಎಲ್ಲವನ್ನೂ ಹಿಂದಿನ ದಿನವೇ ತಂದುಕೊಡುತ್ತೇನೆಂದು ಅತ್ತೆ ಒಪ್ಪಿಕೊಂಡಿದ್ದರು. ನಾನು ಅವರ ಜೊತೆ ಹೋಗಲೆಂದು ಸ್ಕೂಟರಿನಲ್ಲಿ ಶಿಡ್ಲಘಟ್ಟಕ್ಕೆ ಬಂದು ನೋಡಿದರೆ ಕಾರಿನ ಹಿಂದಿನ ಸೀಟೇ ಕಾಣುತ್ತಿಲ್ಲ! ಬಾಳೆಕಂದುಗಳು ಒಂದು ಕಿಟಕಿಯಿಂದ ಒಳಗೆ ಹೋಗಿ ಇನ್ನೊಂದು ಕಿಟಕಿಯಿಂದ ಹೊರಗೆ ಬಂದಿದ್ದವು. ಚೆಂಡುಹೂವಿನ ಮೂಟೆಗಳ ನಡುವೆ ಮುಂದೆ ಮಾವನ ತಲೆ ಮಾತ್ರ ಕಾಣುತ್ತಿತ್ತು.

"ನಿಂಗೆ ಜಾಗ ಇಲ್ಲ ಕಣಪ್ಪ. ಸ್ಕೂಟರಲ್ಲೇ ಹಿಂದೆ ಬಾ" ಎಂದರು ಅತ್ತೆ.

ಹೀಗೆ ಇಷ್ಟು ತಿಂಗಳಲ್ಲಿ ಮೊದಲ ಸಲ ನಾನು ಆ ಕಾರನ್ನು ಹಿಂದಿನಿಂದ ನೋಡಿದೆ. ಊರು ದಾಟಿ ಹಿಪ್ಪುನೇರಳೆ ತೋಟಗಳ ನಡುವೆ ರಸ್ತೆ ನೆಟ್ಟಗಾಯಿತು. ಎದುರಿಗೆ ಗಾಡಿಯಿಲ್ಲ, ಹಂಪಿಲ್ಲ, ತಿರುವಿಲ್ಲ, ಆದರೂ ಅತ್ತೆಯ ಕಾರಿನ ಹಿಂದೆ ಎರಡೂ ಕೆಂಪು ದೀಪ ಹತ್ತಿಯೇ ಇವೆ. ಈಗ ಆರುತ್ತವೆ, ಇನ್ನು ಆರುತ್ತವೆ ಎಂದು ನೋಡುತ್ತಲೇ ಹೋದೆ. ಆರಲೇ ಇಲ್ಲ. ಅಂದರೆ ಅತ್ತೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಾರು ಓಡಿಸುತ್ತಿದ್ದಾರೆ! ಬಲಗಾಲು ಆಕ್ಸಿಲರೇಟರಿನ ಮೇಲೆ, ಕೆಲಸವಿಲ್ಲದ ಎಡಗಾಲು ಬ್ರೇಕಿನ ಮೇಲೆ. ಸೀರೆಯ ನೆರಿಗೆಯ ಅಡಿ ಇದು ಯಾರಿಗೆ ಕಾಣಬೇಕು? ಪ್ಯಾಡು ಯಾಕೆ ಸವೆಯಿತು, ದಾರಿಯುದ್ದಕ್ಕೂ ಜನ ಯಾಕೆ ಹಾರ್ನು ಹೊಡೆದರು, ಕ್ರೂಸು ಯಾಕೆ ಬರಲಿಲ್ಲ, ಎಲ್ಲವೂ ನನಗೆ ಒಟ್ಟಿಗೇ ಹೊಳೆದು, ಸ್ಕೂಟರಿನ ಮೇಲೆ ಒಬ್ಬನೇ ಜೋರಾಗಿ ಕೂಗಿಬಿಟ್ಟೆ. ನನಗಾದ ಸಂತೋಷ ನೀವು ಊಹಿಸಲಾರಿರಿ. ಬದುಕಿನಲ್ಲಿ ಮೊದಲ ಬಾರಿಗೆ ಅತ್ತೆಯ ಒಂದು ತಪ್ಪು ನನ್ನ ಕೈಗೆ ಸಿಕ್ಕಿತ್ತು!

ದಾರಿಯಲ್ಲಿ ಹುಣಸೆಮರದ ಕೆಳಗೆ ಎಳನೀರಿನವನು ಕಂಡ ಕೂಡಲೇ ಅತ್ತೆ ಕಾರು ನಿಲ್ಲಿಸಿದರು. ಮಾವನಿಗೆ ಎಳನೀರು ಕುಡಿಸಬೇಕು. ಗಂಜಿ ಇರಬಾರದು, ಬಲಿತಿರಬಾರದು, ನೀರು ಸಿಹಿಯಿರಬೇಕು ಎಂದು ಅವರು ಒಂದೊಂದೇ ಕಾಯಿ ತಟ್ಟಿ ನೋಡಿ ಅವನಿಗೆ ಪಾಠ ಶುರು ಮಾಡಿದರು. ಮಾವ ಕಾರಿನಲ್ಲೇ ಕೂತಿದ್ದರು. ನಾನು ಕಿಟಕಿಯ ಹತ್ತಿರ ಓಡಿಹೋದೆ.

"ಮಾವ, ಗೊತ್ತಾಯ್ತು! ಕ್ರೂಸು ಯಾಕ್ ಬರ್ತಿಲ್ಲ ಅಂತ ಗೊತ್ತಾಯ್ತು! ಅತ್ತೆ..."

"ಎಡಗಾಲು ಬ್ರೇಕ್ ಮೇಲೆ ಇಟ್ಕೊಂಡಿರ್ತಾಳೆ" ಎಂದರು ಮಾವ, ಮೆಲ್ಲಗೆ.

"ನಿಮಗೆ ಗೊತ್ತಿತ್ತಾ?"

"ಪಕ್ಕದಲ್ಲೇ ಕೂತಿರ್ತೀನಲ್ಲಪ್ಪ. ಮೊದಲಿಂದ್ಲೂ ಗೊತ್ತು." ಅವರು ಎಳನೀರಿನವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆಪರೇಷನ್ ಆದ್ಮೇಲೆ ಮೊದಲ್ನೇ ಸಲ ಡಾಕ್ಟ್ರ ಹತ್ರ ತೋರ್ಸೋಕೆ ಹೋಗ್ತಿದ್ವಿ. ಎಲ್ಲಿಂದಾನೋ ಒಂದು ನಾಯಿ ಅಡ್ಡ ಬಂತು. ನಿಮ್ಮತ್ತೆ ಗಕ್ಕಂತ ಬ್ರೇಕ್ ಹಾಕಿದ್ಲು. ಬೆಲ್ಟು ಎದೆ ಮೇಲೆ ಹಿಡ್ಕೊಂತು. ಒಳಗೆ ಇನ್ನೂ ಹಸಿ ಗಾಯ. ತಡೀಲಾರ್ದೆ ಕೂಗ್ಕೊಂಡ್ಬಿಟ್ಟೆ. ಗಾಯಕ್ಕೇನೂ ಆಗಿರ್ಲಿಲ್ಲ ಬಿಡು, ಡಾಕ್ಟ್ರು ನೋಡಿ ಹೇಳಿದ್ರು. ಆದ್ರೆ ಅವಳು ಗಾಡಿ ಪಕ್ಕಕ್ಕೆ ಹಾಕಿ, ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಅತ್ತಳು ಕಣಪ್ಪ. ಎಷ್ಟು ಹೇಳಿದ್ರೂ ನಿಲ್ಲಿಸ್ಲಿಲ್ಲ. ಅವಳು ಅಳೋದು ನೀನು ನೋಡಿದ್ದೀಯಾ?"

ಇಲ್ಲ ಎಂದು ತಲೆ ಆಡಿಸಿದೆ. ನಮ್ಮಪ್ಪ ತೀರಿಕೊಂಡ ದಿನ ಕೂಡ ಅತ್ತೆ ಬಂದವರಿಗೆಲ್ಲ ಕಾಫಿಯ ವ್ಯವಸ್ಥೆ ಮಾಡುತ್ತಾ ಓಡಾಡಿದವರು.

"ಆವತ್ತಿಂದ ಆ ಕಾಲು ಅಲ್ಲೇ ಇದೆ. ಏನಾದ್ರೂ ಅಡ್ಡ ಬಂದ್ರೆ ನಿಧಾನಕ್ಕೆ ಒತ್ಬೇಕು, ನಂಗೆ ಜರ್ಕ್ ಆಗ್ಬಾರ್ದು. ಒಂದು ಚೂರು ಒತ್ಕೊಂಡೇ ಇರ್ತಾಳೆ. ಅದು ಅವಳಿಗೇ ಗೊತ್ತಿಲ್ಲ."

"ಹೇಳ್ಬಹುದಿತ್ತಲ್ಲ ಮಾವ! ಇಷ್ಟು ತಿಂಗಳು ಊರೂರು ಸುತ್ತಿದ್ವಲ್ಲ!"

ಮಾವ ತೊಡೆಯ ಮೇಲಿನ ಚೆಂಡುಹೂವಿನ ಚೀಲವನ್ನು ಸುಮ್ಮನೆ ಸರಿಮಾಡಿಕೊಂಡರು. ಸ್ವಲ್ಪ ನಾಚಿಕೊಂಡರು ಎಂದೇ ನನಗೆ ಅನ್ನಿಸಿತು.

"ಹೇಳಿದ್ರೆ ತೆಗೀತಾಳಲ್ಲೋ" ಎಂದರು.

ಅಷ್ಟರಲ್ಲಿ ಅತ್ತೆ ಎರಡೂ ಕೈಯಲ್ಲಿ ಎಳನೀರು ಹಿಡಿದು ಬಂದರು. ಒಂದನ್ನು ಕಿಟಕಿಯೊಳಗೆ ಕೊಟ್ಟು, "ನಿಧಾನಕ್ಕೆ ಕುಡೀರಿ, ಚೆಲ್ಕೋಬೇಡಿ" ಎಂದು ಗದರಿಸಿ ನನ್ನ ಕಡೆ ತಿರುಗಿದರು.

"ಹಿಂದೆನೇ ಬಂದ್ಯಲ್ಲ, ಏನಾದ್ರೂ ಗೊತ್ತಾಯ್ತಾ?"

ಮಾವ ಎಳನೀರಿನ ಕೊಳವೆಯನ್ನು ಬಾಯಿಗಿಟ್ಟುಕೊಂಡು, ನನ್ನನ್ನು ನೋಡದೆ ದೂರದ ಗುಡ್ಡ ನೋಡುತ್ತಾ ಕೂತಿದ್ದರು. ಹೇಳಿಬಿಟ್ಟರೆ ನಾನು ಗೆದ್ದಂತೆ. ನಮ್ಮ ವಂಶದಲ್ಲಿ ಯಾರೂ ಮಾಡದ ಸಾಧನೆ!

"ಏನೂ ಗೊತ್ತಾಗ್ಲಿಲ್ಲ ಅತ್ತೆ."

"ನಿನ್ ಕೈಲಿ ಏನ್ ತಾನೆ ಆಗುತ್ತೆ! ತಗೋ, ಎಳನೀರು ಕುಡಿ."

ಮಾವ ಕುಡಿದಾದ ಮೇಲೆ ಅತ್ತೆ ಬುರುಡೆಯನ್ನು ತೆಗೆದುಕೊಂಡು ಎಸೆದು ಬಂದರು. ಬಾಗಿಲು ತೆರೆದು, ಅವರ ಸೀಟ್ ಬೆಲ್ಟು ಹಾಕಿದರು. ಆಮೇಲೆ ಮಡಿಚಿದ ಒಂದು ಮೆತ್ತಗಿನ ಟವೆಲನ್ನು ಬೆಲ್ಟಿಗೂ ಮಾವನ ಎದೆಗೂ ನಡುವೆ ಇಟ್ಟು, ಅಂಗೈಯಿಂದ ಎರಡು ಸಲ ಸವರಿ, ಸುಕ್ಕು ತೆಗೆದರು. ಅವರಿಬ್ಬರ ನಡುವೆ ಅತ್ತೆ ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾರು ಹೊರಟಿತು. ನಟ್ಟ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಕೆಂಪು ದೀಪಗಳು ಹತ್ತಿಕೊಂಡವು. ಮುಂದೆ ಹೋಗಿ ನೆಂಟರ ಮನೆ ಸೇರಿಕೊಳ್ಳಬಹುದಿತ್ತು, ನನ್ನ ಸ್ಕೂಟರಿಗೆ ಅಷ್ಟು ವೇಗ ಇದ್ದೇ ಇದೆ. ನಾನು ಹಿಂದೆಯೇ ಉಳಿದೆ. ಬಸ್ಸುಗಳು, ಟೊಮೇಟೊ ತುಂಬಿದ ಟೆಂಪೋಗಳು ಹಿಂದಿನಿಂದ ಹಾರ್ನು ಹೊಡೆಯುತ್ತಾ ಬಂದಾಗಲೆಲ್ಲ ಒಂದು ಕೈ ಚಾಚಿ, ಸ್ವಲ್ಪ ನಿಧಾನ, ಸ್ವಲ್ಪ ನಿಧಾನ ಎಂದು ಸನ್ನೆ ಮಾಡುತ್ತಾ, ಚಿಂತಾಮಣಿಯವರೆಗೂ ಅವರ ಹಿಂದೆಯೇ ಹೋದೆ.